ಕಾಗೆತಲೆ ಗೆಡ್ಡೆಯ ಕಷಾಯ

ಕುನ್‌ಮಿಂಗ್
೧೯೮೬ ಅಕ್ಟೋಬರ್ ೧೨, ಭಾನುವಾರ

ಪೂಜ್ಯ ಅತ್ತಿಗೆಯವರಿಗೆ,

ಇಂದು ಅಕ್ಟೋಬರ್ ಹನ್ನೆರಡು. ಈ ಪತ್ರದ ಉದ್ದೇಶ ಒಂದೇ: ಅಮ್ಮನ ಕೀಲುನೋವಿಗೆ ಯಾನ್ ವೈದ್ಯರು ಕೊಡುತ್ತಿರುವ ಪೊಟ್ಟಣದೊಳಗೆ ಏನೇನಿದೆ ಎಂಬುದನ್ನು ನಾನು ಖಚಿತವಾಗಿ ತಿಳಿಯಬೇಕು.

ಹೊಸ ಕಷಾಯ ಆರಂಭವಾದ ಮೇಲೆ ಅಮ್ಮನ ಬಲಗೈ ಊತ ಇಳಿದಿದೆ, ನರಳುವುದು ಕಡಿಮೆಯಾಗಿದೆ ಎಂದು ನೀವು ಬರೆದಿದ್ದಿರಿ. ಓದಿ ಸಂತೋಷಪಟ್ಟೆ. ಆದರೆ ಅದರ ಕೆಳಗೇ ಇನ್ನೊಂದು ಸಾಲಿತ್ತು. ವೈದ್ಯರು ಒಂದು ಗೆಡ್ಡೆಯ ಹೋಳುಗಳನ್ನು ಪ್ರತ್ಯೇಕ ಕಾಗದದಲ್ಲಿ ಕಟ್ಟಿಕೊಡುತ್ತಾರೆ, ಅದನ್ನು ಉಳಿದ ಬೇರುಗಳಿಗಿಂತ ಮೊದಲು ಬಹಳ ಹೊತ್ತು ಕುದಿಸಬೇಕು ಎಂದು. ಪ್ರತ್ಯೇಕ ಕಾಗದ, ಮೊದಲ ಕುದಿ: ಇವೆರಡೂ ಒಟ್ಟಿಗೆ ಬಂದರೆ ಅದು ಕಾಗೆತಲೆ ಗೆಡ್ಡೆಯಲ್ಲದೆ ಬೇರೇನೂ ಆಗಿರಲಾರದು. ಅದು ವತ್ಸನಾಭಿ ಎಂಬ ವಿಷಬೇರಿನ ಕುಲಕ್ಕೆ ಸೇರಿದ್ದು. ಚೆನ್ನಾಗಿ ಬೆಂದರೆ ಕೀಲುಗಳೊಳಗಿನ ಶೀತವನ್ನು ಓಡಿಸುತ್ತದೆ. ಬೇಯದಿದ್ದರೆ ಕುಡಿದವರನ್ನೇ.

ಈ ವಾರ ಇಲ್ಲಿನ ವೈದ್ಯ ಕಾಲೇಜಿನ ನಮ್ಮ ತರಗತಿಯಲ್ಲಿ ಪ್ರಾಧ್ಯಾಪಕಿಯವರು ಅದರ ಒಂದು ಹಸಿ ಹೋಳನ್ನು ಗಾಜಿನ ಬಟ್ಟಲಲ್ಲಿ ತಂದಿದ್ದರು. "ಯಾರಾದರೂ ನಾಲಗೆಯ ತುದಿಗೆ ಮುಟ್ಟಿಸಿ ನೋಡ್ತೀರಾ?" ಎಂದು ಕೇಳಿದರು. ಯಾರೂ ಏಳಲಿಲ್ಲ. ತರಗತಿಗೆ ಮೊದಲಿಗಳಾದ ನಾನು ಕುಳಿತಿರುವುದು ಸರಿಯಲ್ಲವೆಂದು ಎದ್ದೆ. ಮುಟ್ಟಿಸಿ, ಉಗುಳಿ, ಬಾಯಿ ತೊಳೆದುಕೊಂಡೆ. ಮೊದಲು ಏನೂ ಆಗಲಿಲ್ಲ. ಆಮೇಲೆ ನಾಲಗೆಯ ಮೇಲೆ ಇರುವೆಗಳು ಹರಿದಂತಾಯಿತು. ಆಮೇಲೆ ನಾಲಗೆಯೇ ಇಲ್ಲವಾಯಿತು. ಹುಡುಗರು ನಕ್ಕರು. ಪ್ರಾಧ್ಯಾಪಕಿಯವರು ನಗಲಿಲ್ಲ. "ಈಗ ಇವಳ ನಾಲಗೆಗೆ ಏನಾಯ್ತೋ ಹೃದಯಕ್ಕೂ ಅದೇ ಆಗುತ್ತೆ. ನಾಲಗೆ ನಿಂತರೆ ಮಾತು ನಿಲ್ಲುತ್ತೆ, ಅಷ್ಟೆ" ಎಂದರು. ಸಂಜೆಯ ಊಟದವರೆಗೂ ನನಗೆ ಅನ್ನದ ರುಚಿ ತಿಳಿಯಲಿಲ್ಲ.

ಆದ್ದರಿಂದ ನನ್ನ ಸೂಚನೆ ಇದು. ಒಂದು ದಿನದ ಕಷಾಯದ ಚರಟವನ್ನು ಹೊರಗೆ ಸುರಿಯದೆ ನೆರಳಿನಲ್ಲಿ ಒಣಗಿಸಿ ಅಂಚೆಯಲ್ಲಿ ಕಳುಹಿಸಿರಿ. ಹೋಳುಗಳನ್ನು ನೋಡಿದರೆ ವೈದ್ಯರು ಯಾವ ಗೆಡ್ಡೆ ಬಳಸಿದ್ದಾರೆ, ಅದನ್ನು ಎಷ್ಟು ಶುದ್ಧಿ ಮಾಡಿದ್ದಾರೆ ಎಂಬುದನ್ನು ನಾನು ಹೇಳಬಲ್ಲೆ. ತಡಮಾಡಬೇಡಿರಿ.

ತಮ್ಮ ನಾದಿನಿ,
ತಾನ್ ಯುನ್ಶು


ಮೋಶಿ
ಅಕ್ಟೋಬರ್ ೨೭

ಯುನ್ಶು,

ನಿನ್ನ ಪತ್ರ ಬಂತು. ಕ್ಷೇಮವೇ ಎಂದು ಕೇಳದ ಪತ್ರ ಈ ಮನೆಗೆ ಬಂದದ್ದು ಇದೇ ಮೊದಲು. ಓದಿ ಹೇಳುವಾಗ ಅತ್ತೆ, "ಯಾವ ಇಲಾಖೆಯಿಂದ ಬಂತು?" ಎಂದು ಕೇಳಿದರು. ನಾವೆಲ್ಲ ಕ್ಷೇಮ. ನಿನ್ನ ಅಣ್ಣ ಕಲ್ಲಿದ್ದಲಿನ ಲಾರಿ ಹೊಡೆಯಲು ಹೋದವರು ಚಳಿಗಾಲದ ಹಬ್ಬಕ್ಕೆ ಬರುತ್ತಾರೆ. ಮಗುವಿಗೆ ಎರಡು ಹಲ್ಲು ಬಂದಿವೆ.

ಚರಟದ ಮಾತು ಎತ್ತಿದ್ದೇ ತಡ, ಅತ್ತೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು.

"ಚರಟ ಕೇಳ್ತಾಳಾ? ಓದಿ ಓದಿ ತಲೆ ಕೆಟ್ಟಿದೆಯಾ ಅವಳಿಗೆ?"

"ಪರೀಕ್ಷೆ ಮಾಡಬೇಕಂತೆ, ಅತ್ತೆ."

"ಏನು ಪರೀಕ್ಷೆ? ಚರಟ ದಾರಿಗೆ ಸುರಿಯೋದು ಯಾಕೆ? ಹೋಗೋರು ಬರೋರು ತುಳೀಲಿ, ಕಾಯಿಲೆ ಅವರ ಕಾಲಿಗೆ ಅಂಟಿಕೊಂಡು ಚೂರು ಚೂರಾಗಿ ಹೋಗಲಿ ಅಂತ. ಊರೆಲ್ಲ ಹಂಚಿಕೊಂಡ್ರೆ ಯಾರಿಗೂ ಏನೂ ಆಗಲ್ಲ. ಪೊಟ್ಟಣ ಕಟ್ಟಿ ಅವಳೊಬ್ಬಳ ಕೈಗೇ ಕಳಿಸಿದ್ರೆ? ಇಡೀ ಕಾಯಿಲೆ ಅವಳ ಕೈಗೇ ಹೋಗುತ್ತೆ. ಅದು ನಾಳೆ ನಾಡಿ ಹಿಡಿಯೋ ಕೈ ಕಣೇ. ಬೇಡ ಅಂತ ಬರಿ."

ಬೇಡ ಎಂದು ಬರೆದಿದ್ದೇನೆ. ಅತ್ತೆಯ ಮಾತನ್ನು ನಡೆಸಿದಂತಾಯಿತು. ನಾನು ಕಾಯಿಸಿದ ಚರಟವನ್ನು ಸೇತುವೆಯ ಬಳಿ ಸುರಿಯಲು ಹೋದಾಗ ಒಂದು ಹಿಡಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ; ಇದರ ಜೊತೆಗೇ ಇದೆ. ನಿನ್ನ ಮಾತನ್ನೂ ನಡೆಸಿದಂತಾಯಿತು. ಕಾಯಿಲೆ ನಿನ್ನ ಕೈಗೆ ಬಂದರೆ ನನ್ನನ್ನು ಬೈಯಬೇಡ.

ಈಗ ಒಳ್ಳೆಯ ಸುದ್ದಿ. ಮೊನ್ನೆ ಅತ್ತೆ ಮಾರುವ ತೋಫುವಿಗೆಂದು ಸೋಯಾ ಹಾಲು ಸೋಸುವ ಬಟ್ಟೆಯನ್ನು ತಾವೇ ಹಿಂಡಿದರು! ಮೂರು ಚಳಿಗಾಲದಿಂದ ಆ ಬಟ್ಟೆಯನ್ನು ನಾನೇ ಹಿಂಡುತ್ತಿದ್ದೆ, ನಿನಗೇ ಗೊತ್ತು. ಹಿಂಡಿದ ಮೇಲೆ ಕೈಯನ್ನು ಬಿಚ್ಚಿ, ಮುಚ್ಚಿ, ಬಿಚ್ಚಿ ನೋಡುತ್ತಲೇ ನಿಂತರು. ನಾನು ನೋಡಿದ್ದು ಗೊತ್ತಾದ ಮೇಲೆ, "ಏನು ನೋಡ್ತೀಯ? ಹೋಗಿ ಒಲೆ ನೋಡು" ಎಂದು ಗದರಿದರು. ಇಷ್ಟು ದಿನ ಕಷಾಯ ಕಾಯಿಸುವುದು ನನ್ನ ಪಾಲಿಗಿತ್ತು. ಯಾನ್ ವೈದ್ಯರು ಹೇಳಿದಂತೆ ಒಲೆ ಬಿಟ್ಟು ಏಳದೆ, ಕುದಿ ಒಮ್ಮೆಯೂ ನಿಲ್ಲದಂತೆ, ಮೇಲೆ ಒಂದು ಹನಿ ತಣ್ಣೀರು ಬೀಳದಂತೆ ಕಾದು ಕಾದು ನನ್ನ ಕಣ್ಣೆಲ್ಲ ಹೊಗೆಯಾಗಿತ್ತು. ನೆನ್ನೆಯಿಂದ ಆ ಮಡಕೆಯನ್ನು ಅತ್ತೆ ಕಸಿದುಕೊಂಡಿದ್ದಾರೆ. "ಕೈ ಬಂತಲ್ಲ, ಇನ್ನು ನನ್ನ ಕಷಾಯ ನಾನೇ ಕಾಯಿಸ್ಕೋತೀನಿ. ಸೊಸೆ ಋಣ ಎಷ್ಟಂತ ಹೊರಲಿ?" ಎಂದರು. ಹೊರಲಿ ಬಿಡಿ ಎಂದು ನಾನೇನೂ ಹಟ ಮಾಡಲಿಲ್ಲ.

ನಿನ್ನ ಅತ್ತಿಗೆ,
ಪೇಜೆನ್


ಕುನ್‌ಮಿಂಗ್
ನವೆಂಬರ್ ೯

ಪೂಜ್ಯ ಅತ್ತಿಗೆಯವರಿಗೆ,

ಕ್ಷೇಮ. ತಾವೂ ಕ್ಷೇಮವೆಂದು ಭಾವಿಸುತ್ತೇನೆ. ಈ ಎರಡು ವಾಕ್ಯಗಳನ್ನು ಅಮ್ಮನಿಗೆ ಮೊದಲು ಓದಿ ಹೇಳಿರಿ.

ಚರಟ ತಲುಪಿತು. ಹೋಳುಗಳನ್ನು ಬೇರ್ಪಡಿಸಿ ಬಿಳಿಯ ಕಾಗದದ ಮೇಲೆ ಇಟ್ಟು ಪರೀಕ್ಷಿಸಿದೆನು. ಶುಂಠಿ, ಜ್ಯೇಷ್ಠಮಧು, ದಾಲ್ಚಿನ್ನಿಯ ಎಳೆಗಡ್ಡಿ, ನಡುವೆ ಕಾಗೆತಲೆ. ನನ್ನ ಊಹೆ ಸರಿಯಾಗಿತ್ತು. ಆದರೆ ಹೋಳುಗಳು ಒಳಗಿನವರೆಗೂ ಒಂದೇ ಬಣ್ಣಕ್ಕೆ ಬಂದಿವೆ, ನಡುವೆ ಬಿಳಿಯ ಹಸಿ ಭಾಗವಿಲ್ಲ. ಮೊದಲೇ ನೆನೆಸಿ, ಬೇಯಿಸಿ, ಒಣಗಿಸಿದ ಗೆಡ್ಡೆ ಅದು. ಮನೆಯಲ್ಲೂ ತಕ್ಕಷ್ಟು ಕುದಿದಿದೆ. ನಾಲಗೆಗೆ ಇಟ್ಟು ಕಾದೆ. ಇರುವೆಗಳು ಬರಲಿಲ್ಲ. ಯಾನ್ ವೈದ್ಯರು ಶಾಸ್ತ್ರಕ್ಕೆ ಅನುಸಾರವಾಗಿಯೇ ಕೆಲಸ ಮಾಡಿದ್ದಾರೆ ಎಂದು ನಾನು ಒಪ್ಪುತ್ತೇನೆ.

ಆದರೂ ನನಗೆ ನೆಮ್ಮದಿಯಿಲ್ಲ. ಪ್ರಾಧ್ಯಾಪಕಿಯವರು ಒಂದು ಮನೆಯ ಕಥೆ ಹೇಳಿದರು. ಚಳಿಗಾಲದಲ್ಲಿ ಎಲ್ಲರೂ ಮಾಡುವಂತೆ ಅವರೂ ಹಂದಿಯ ಕಾಲಿನೊಡನೆ ಈ ಗೆಡ್ಡೆಯನ್ನು ಬೇಯಿಸಿ, ಮೇಜಿನ ಸುತ್ತ ಕುಳಿತು ಉಂಡರು. ನೆರೆಯವರು ಬೆಂಕಿ ಕೇಳಲು ಬಂದಾಗ ಎಲ್ಲರೂ ಕುಳಿತಲ್ಲೇ ಇದ್ದರು. ಬಟ್ಟಲುಗಳಿಂದ ಇನ್ನೂ ಹಬೆಯೇಳುತ್ತಿತ್ತು. ಅವರೂ ಪ್ರತಿ ವರ್ಷ ತಿಂದವರೇ.

ಅಮ್ಮ ಕಷಾಯ ಕುಡಿದ ಮೇಲೆ ತುಟಿ, ನಾಲಗೆ ಜುಮ್ಮೆನ್ನುತ್ತದೆಯೇ, ಎದೆಬಡಿತ ತಪ್ಪುತ್ತದೆಯೇ ಎಂದು ದಿನವೂ ಕೇಳಿರಿ. ಹೌದೆಂದರೆ ಆ ಕ್ಷಣವೇ ನಿಲ್ಲಿಸಿರಿ. ನನ್ನನ್ನು ಕೇಳಲು ಕಾಯಬೇಡಿರಿ.

ಅಮ್ಮ ಬಟ್ಟೆ ಹಿಂಡಿದ ಸಾಲನ್ನು ನಾನು ಪುನಃ ಪುನಃ ಓದಿದೆ ಎಂದು ಆಕೆಗೆ ಹೇಳುವ ಅಗತ್ಯವಿಲ್ಲ.

ಯುನ್ಶು


ಮೋಶಿ
ನವೆಂಬರ್ ೩೦

ಯುನ್ಶು,

ಬರೆಯಬೇಡ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದಾರೆ. ಅದಕ್ಕೇ ಇದನ್ನು ಅಂಚೆಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ.

ನೀನು ಹೇಳಿದಂತೆ ದಿನವೂ ಕೇಳುತ್ತಿದ್ದೆ. ದಿನವೂ "ಏನಿಲ್ಲ" ಎನ್ನುತ್ತಿದ್ದರು. ಹೋದ ವಾರ ಜುಮ್ಮನಕಾಯಿ ಮಾರುವ ಫುಲಾನ್ ಅಕ್ಕ ನಮ್ಮ ತೋಫು ಅಂಗಡಿಗೆ ಬಂದಿದ್ದಳು. ಅತ್ತೆ ಅವಳೊಂದಿಗೆ ಮಾತಾಡುತ್ತಾ, "ಈಗೀಗ ಕಷಾಯ ಕುಡಿದ ತಕ್ಷಣ ನಾಲಗೆ ಜುಂ ಅನ್ನುತ್ತೆ, ತುಟಿ ದಪ್ಪ ಆದ ಹಾಗೆ ಆಗುತ್ತೆ. ಔಷಧ ಹಿಡೀತು ಕಣೇ" ಎಂದರು.

ಫುಲಾನ್ ಅಕ್ಕ ನಗುತ್ತಾ, "ನಾಲಗೆ ಜುಂ ಅನ್ನಿಸ್ಕೊಳ್ಳೋಕೆ ಅಷ್ಟು ಕಹಿ ಯಾಕೆ ಕುಡೀತೀಯ ತೋಫು ಅಕ್ಕ? ನನ್ನ ಹತ್ರ ಒಂದು ಹಿಡಿ ಕಾಯಿ ತಗೋ, ಸಾರಿಗೆ ಹಾಕು" ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹುಟ್ಟಿದಾಗಿನಿಂದ ಆ ಕಾಯಿ ತಿಂದ ನಾಲಗೆಗಳು ನಮ್ಮವು, ಯುನ್ಶು. ನಾಲಗೆ ಜುಮ್ಮೆಂದರೆ ಹಸಿವಾಗುತ್ತದೆಯೇ ಹೊರತು ಹೆದರಿಕೆಯಾಗುವುದಿಲ್ಲ.

ನಾನು ನಿಲ್ಲಿಸಿ ಎಂದೆ. "ನಿನಗೇನು, ನಿನ್ನ ಬೆರಳು ನೆಟ್ಟಗಿವೆ" ಎಂದರು.

ಇಂದು ಬೆಳಿಗ್ಗೆ ತೋಫು ಅಚ್ಚನ್ನು ಎತ್ತುತ್ತಿದ್ದವರು ಹಾಗೇ ಬಿಟ್ಟುಬಿಟ್ಟರು. ಗೋಡೆ ಹಿಡಿದು ನಿಂತರು. ಮುಖದಲ್ಲಿ ಬಣ್ಣವಿರಲಿಲ್ಲ. "ಎದೆಯೊಳಗೆ ಬುಟ್ಟಿಗೆ ಹಾಕಿದ ಮೀನು ಒದ್ದಾಡಿದ ಹಾಗಾಯ್ತು" ಎಂದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಚೆಲ್ಲಿದ ತೋಫುವನ್ನು ತಾವೇ ಬಳಿದು, ನನಗೆ ಆಣೆ ಹಾಕಿಸಿದರು.

ಏನು ಮಾಡಲಿ, ಬೇಗ ತಿಳಿಸು.

ಪೇಜೆನ್


ಕುನ್‌ಮಿಂಗ್
ಡಿಸೆಂಬರ್ ೯

ಅತ್ತಿಗೆ,

ನಿಮ್ಮ ಪತ್ರ ಈಗ ತಲುಪಿತು. ಇದನ್ನು ಬರೆಯಲು ಕೂರುವ ಮೊದಲೇ "ಕಷಾಯ ನಿಲ್ಲಿಸಿ" ಎಂದು ತಂತಿ ಕಳುಹಿಸಿ ಬಂದಿದ್ದೇನೆ. ತಂತಿ ತಲುಪಿದೆಯೆಂದು ನಂಬಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿರುವ ಅಮ್ಮ ಹಳೆಯ ಅಮ್ಮ. ಗೋಡೆ ಹಿಡಿದು ನಿಂತವರು ಆಮೇಲೆ ಎಷ್ಟು ಬೆಳಗು ಕಷಾಯ ಕುಡಿದರೋ ನನಗೆ ತಿಳಿಯದು. ನೀವು ಅಂಚೆಕಚೇರಿಯಲ್ಲಿ ನಿಂತು ಬರೆದ ಆ ಗಳಿಗೆಗೂ ನಾನು ಓದುತ್ತಿರುವ ಈ ಗಳಿಗೆಗೂ ನಡುವೆ ಏನಾದರೂ ಆಗಿರಬಹುದು. ಆಗಿದ್ದರೂ ನನ್ನ ಕೈಯಲ್ಲಿರುವ ಕಾಗದದಲ್ಲಿ ಅಮ್ಮ ತೋಫು ಬಳಿಯುತ್ತಲೇ ಇರುತ್ತಾರೆ. ಕೆಳಗೆ ವಸತಿಗೃಹದ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ತಂತಿ ತರುವವನೇನೋ ಎಂದು ನಾನು ಎದ್ದು ನಿಲ್ಲುತ್ತೇನೆ. ಕೋಣೆಯ ಹುಡುಗಿಯರು, "ಯಾರೇ ಅವನು, ನಮಗೂ ಹೇಳೇ" ಎಂದು ಛೇಡಿಸುತ್ತಾರೆ.

ಮೊದಲು ಕಳುಹಿಸಿದ ಚರಟದಲ್ಲಿ ದೋಷವಿರಲಿಲ್ಲ. ಆಗ ಜುಮ್ಮೆನ್ನದ ನಾಲಗೆ ಈಗ ಏಕೆ ಜುಮ್ಮೆನ್ನುತ್ತದೆ? ವೈದ್ಯರು ಚಳಿಗಾಲದ ಹೊಸ ಗೆಡ್ಡೆಯನ್ನು ಸರಿಯಾಗಿ ಶುದ್ಧಿ ಮಾಡದೆ ಕಟ್ಟಿದ್ದಾರೆ. ಬೇರೆ ಕಾರಣ ಇರಲಾರದು. ಅವರಿಗೂ ಇಂದೇ ಬರೆದಿದ್ದೇನೆ. ಅವರು ನಮ್ಮ ತಂದೆಯ ಕಾಲದಿಂದ ಬಲ್ಲವರು ಎಂಬ ಸಂಕೋಚದಿಂದ ಯಾವ ಪದವನ್ನೂ ಬಿಟ್ಟಿಲ್ಲ.

ಮಡಕೆಯನ್ನು ಬಚ್ಚಿಡಿರಿ. ಒಡೆದರೂ ಸರಿಯೇ.

ಯುನ್ಶು


ಮೋಶಿ
ಡಿಸೆಂಬರ್ ೧೯

ಕುಮಾರಿ ತಾನ್ ಯುನ್ಶು ಅವರಿಗೆ,

ನಿನ್ನ ಕಾಗದವನ್ನು ನನ್ನ ಅಂಗಡಿಯ ಹುಡುಗರ ಮುಂದೆಯೇ ಗಟ್ಟಿಯಾಗಿ ಓದಿದೆ. ಅಕ್ಷರ ದುಂಡಗಿದೆ. ನಿನಗೆ ಜ್ವರ ಬಂದಾಗಲೆಲ್ಲ ನಿಮ್ಮಪ್ಪ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಕಹಿ ಎಂದು ನನ್ನ ಅಂಗಿಯ ಮೇಲೆ ಉಗುಳುತ್ತಿದ್ದೆ. ಆ ಅಭ್ಯಾಸ ಕಾಲೇಜಿನಲ್ಲೂ ಹೋಗಿಲ್ಲವೆಂದು ಕಂಡಿತು.

ಈ ಚಳಿಗಾಲದಲ್ಲಿ ನಿನ್ನ ತಾಯಿಗೆ ಕೊಟ್ಟ ಗೆಡ್ಡೆಯೂ ಬೇಸಿಗೆಯಲ್ಲಿ ಕೊಟ್ಟ ಗೆಡ್ಡೆಯೂ ಒಂದೇ ಜಾಡಿಯದು. ಜಾಡಿ ತುಂಬಿಸುವ ಮೊದಲು ನಾನೇ ಕುದಿಸಿ ಕುಡಿಯುತ್ತೇನೆ. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದರು. ನಾನು ಇನ್ನೂ ಬದುಕಿದ್ದೇನೆ, ನಿನ್ನ ಕಾಗದ ಓದಲು. ನಾನು ಹೇಳಿದ್ದು ಎರಡೇ ಮಾತು: ಕುದಿ ನಿಲ್ಲಬಾರದು, ತಣ್ಣೀರು ಬೀಳಬಾರದು. ನಿನ್ನ ಅತ್ತಿಗೆಗೂ ಹೇಳಿದ್ದೇನೆ, ನಿನ್ನ ತಾಯಿಗೂ ಹೇಳಿದ್ದೇನೆ. "ನನಗೆ ಒಲೆ ಮುಂದೆ ಕೂರೋದು ಕಲಿಸ್ತೀರಾ?" ಎಂದು ನಿನ್ನ ತಾಯಿ ನನಗೇ ತಿರುಗಿ ಹೇಳಿದಳು.

ನೀನು ಬಂದು ನನ್ನ ಜಾಡಿಯ ಮುಂದೆ ನಿಂತು ನೋಡುವವರೆಗೆ ನಿಮ್ಮ ಮನೆಗೆ ಪೊಟ್ಟಣ ಕೊಡುವುದಿಲ್ಲ. ಹಿಂದೆ ಕೊಟ್ಟವು ಅವಳ ಬಳಿ ಮಿಕ್ಕಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಯಾನ್ ಬೋಹೆಂಗ್


ತಂತಿ
ಮೋಶಿ, ಡಿಸೆಂಬರ್ ೨೨

ಅಮ್ಮ ಬಿದ್ದರು. ಜಿಲ್ಲಾ ಆಸ್ಪತ್ರೆಯಲ್ಲಿದ್ದಾರೆ. ಉಸಿರಿದೆ. ಬಾ. ಪೇಜೆನ್


ಕುನ್‌ಮಿಂಗ್
೧೯೮೭ ಜನವರಿ ೭

ಮಾನ್ಯ ಯಾನ್ ವೈದ್ಯರಿಗೆ,

ಇಂದು ಜನವರಿ ಏಳು. ಈ ಪತ್ರದ ಉದ್ದೇಶ, ಡಿಸೆಂಬರ್ ಒಂಬತ್ತರ ನನ್ನ ಪತ್ರದಲ್ಲಿ ತಮ್ಮ ಗೆಡ್ಡೆಯ ಬಗ್ಗೆ ಬರೆದ ವಾಕ್ಯಗಳನ್ನು ಹಿಂದಕ್ಕೆ ಪಡೆಯುವುದು. ಊರಿನಲ್ಲಿದ್ದಾಗ ತಮ್ಮ ಅಂಗಡಿಯ ಮುಂದಿನಿಂದ ಹಾದುಹೋದೆ. ಒಳಗೆ ಬರಲಿಲ್ಲ. ಬರಹದಲ್ಲಿ ಆದದ್ದು ಬರಹದಲ್ಲೇ ಸರಿಹೋಗಲಿ ಎಂದು ಹೀಗೆ ಬರೆಯುತ್ತಿದ್ದೇನೆ. ಈ ಕಾಗದವನ್ನೂ ಹುಡುಗರ ಮುಂದೆ ಓದಬಹುದು.

ನಡೆದದ್ದನ್ನು ಕ್ರಮವಾಗಿ ತಿಳಿಸುತ್ತೇನೆ. ನನ್ನ ತಂತಿ ತಲುಪಿದ ಮೇಲೆ ಅಮ್ಮ ಕಷಾಯ ನಿಲ್ಲಿಸಿದ್ದರು. ಕೈ ಮತ್ತೆ ಬಿಗಿಯತೊಡಗಿತು. ವರ್ಷದ ಅತಿ ದೀರ್ಘ ರಾತ್ರಿಯ ಹಬ್ಬಕ್ಕೆ ಬೀದಿಯವರೆಲ್ಲ ತೋಫು ಹೇಳಿದ್ದರು. ತಗಡಿನ ಡಬ್ಬಿಯಲ್ಲಿ ಮಿಕ್ಕಿದ್ದ ಪೊಟ್ಟಣವನ್ನು ತೆಗೆದು ಕಾಯಿಸಿ, ಹಬ್ಬದ ಬೆಳಿಗ್ಗೆ ಕುಡಿದರು. ಅತ್ತಿಗೆ ಕೊಟ್ಟಿಗೆಯಿಂದ ಸೌದೆ ತಂದು ನೋಡುವಷ್ಟರಲ್ಲಿ ಒಲೆಯ ಪಕ್ಕದಲ್ಲಿ ಬಿದ್ದಿದ್ದರು. ಹಬ್ಬಕ್ಕೆ ಬಂದಿದ್ದ ಅಣ್ಣ ಲಾರಿಯಲ್ಲಿ ಮಲಗಿಸಿಕೊಂಡು ಹೋದರು. ದಾರಿಯಲ್ಲಿ ಹೃದಯ ಎರಡು ಸಲ ನಿಂತಂತಾಯಿತೆಂದು ಅತ್ತಿಗೆ ಹೇಳುತ್ತಾರೆ. ಅವರು ಎದೆಯ ಮೇಲೆ ಕಿವಿಯಿಟ್ಟುಕೊಂಡೇ ಇದ್ದರಂತೆ. ಈಗಲೂ ಮಗುವನ್ನು ಮಲಗಿಸುವಾಗ ಅದರ ಎದೆಗೆ ಕಿವಿಯಿಟ್ಟು ನೋಡುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆ ಕುಳಿತಿದ್ದೆ. ಕೆಲಸ ಮಾಡಬೇಡವೆಂದರೂ ಕೇಳದೆ ಸೋಯಾ ಹಾಲು ಕಾಯಲಿಟ್ಟಿದ್ದರು. ಕೈ ಇನ್ನೂ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಹಾಲು ನೊರೆಯೆದ್ದು ಕಂಠಕ್ಕೆ ಬಂತು. ಅಮ್ಮ ನನ್ನ ಕಡೆ ನೋಡಿ ಫುಲಾನ್ ಅಕ್ಕನ ಮಗನ ಮದುವೆಯ ವಿಷಯ ಹೇಳುತ್ತಿದ್ದರು. ಮಾತು ನಿಲ್ಲಲಿಲ್ಲ, ಮುಖ ತಿರುಗಲಿಲ್ಲ. ಬಲಗೈ ಮಾತ್ರ ಪಕ್ಕದ ಕೊಪ್ಪರಿಗೆಯಿಂದ ಒಂದು ಸೌಟು ತಣ್ಣೀರು ತೆಗೆದು ಹಾಲಿಗೆ ಎರಚಿತು. ನೊರೆ ತಗ್ಗಿತು.

"ಅಮ್ಮ, ಕಷಾಯ ಉಕ್ಕಿದಾಗ ಏನು ಮಾಡ್ತಿದ್ದೆ?" ಎಂದು ಕೇಳಿದೆ.

"ಉರಿ ತಗ್ಗಿಸ್ತಿದ್ದೆ."

"ತಣ್ಣೀರು ಹಾಕ್ತಿದ್ಯಾ?"

"ವೈದ್ಯರು ಬೇಡ ಅಂದಿದ್ದಾರಲ್ಲ! ನಾನ್ಯಾಕೆ ಹಾಕ್ಲಿ? ನನಗೇನು ಮರೆವಾ?"

ಅವರು ಸುಳ್ಳಾಡುತ್ತಿರಲಿಲ್ಲ. ಮಾರನೆಯ ದಿನ ನಾನು ಶುಂಠಿ, ಜ್ಯೇಷ್ಠಮಧು ಮಾತ್ರ ಹಾಕಿದ ಮಡಕೆಯನ್ನು ಒಲೆಯ ಮೇಲಿಟ್ಟು, "ತಣ್ಣೀರು ಬೀಳದ ಹಾಗೆ ನೋಡಿಕೋ ಅಮ್ಮ" ಎಂದು ಹೇಳಿ, ಬಾಗಿಲ ಮರೆಯಲ್ಲಿ ನಿಂತೆ. "ಆಯ್ತು ಆಯ್ತು, ಪಂಡಿತೆ" ಎಂದರು. ಕಷಾಯ ಉಕ್ಕಿತು. ಸೌಟು ಎದ್ದಿತು. ಮತ್ತೆ ಉಕ್ಕಿತು, ಮತ್ತೆ ಎದ್ದಿತು. ಪ್ರತಿ ಸಲವೂ ತಣ್ಣೀರು ಬಿದ್ದು ಕುದಿ ನಿಂತಿತು. ನಾನು ಒಳಗೆ ಬಂದು ಕೇಳಿದಾಗ, ಒಂದು ಹನಿಯೂ ಬಿದ್ದಿಲ್ಲವೆಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು. ಆ ಕೈ ಒದ್ದೆಯಾಗಿತ್ತು.

ಕೈ ಬಾರದಿದ್ದಾಗ ಅತ್ತಿಗೆ ಕಾಯಿಸುತ್ತಿದ್ದರು, ಅಪಾಯವಿರಲಿಲ್ಲ. ತಮ್ಮ ಔಷಧ ಕೈಯನ್ನು ಬಿಡಿಸಿತು. ಬಿಡಿಸಿಕೊಂಡ ಕೈ ತನ್ನ ಕೆಲಸಕ್ಕೆ ಹೋಯಿತು.

ತಾವು ಪೊಟ್ಟಣ ನಿಲ್ಲಿಸಿರುವುದು ಸರಿಯಾಗಿದೆ.

ತಾನ್ ಯುನ್ಶು


ಮೋಶಿ
ಮಾರ್ಚ್ ೧

ಯುನ್ಶು,

ಚಾಂದ್ರಮಾನ ಹೊಸವರ್ಷಕ್ಕೆ ನೀನು ಬಂದು ಹೋದ ಮೇಲೆ ಬರೆಯುತ್ತಿರುವ ಮೊದಲ ಪತ್ರ ಇದು. ನೀನಿದ್ದಷ್ಟು ದಿನವೂ ಅತ್ತೆ ಕೈಗಳನ್ನು ಅಂಗಿಯ ತೋಳಿನೊಳಗೆ ಹುದುಗಿಸಿಕೊಂಡೇ ಇದ್ದರು. ಚಳಿ ಎಂದರು. ನೀನೂ ಚಳಿ ಎಂದೇ ಒಪ್ಪಿಕೊಂಡೆ. ನಿಮ್ಮಿಬ್ಬರ ನಡುವೆ ಕುಳಿತು ನಾನು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದೆ.

ಈಗ ಬರೆಯುತ್ತೇನೆ. ಬಲಗೈ ಪೂರ್ತಿ ಮುಚ್ಚಿಕೊಂಡಿದೆ. ಎಡಗೈಯ ಎರಡು ಬೆರಳು ಮಾತ್ರ ಆಡುತ್ತವೆ. ಊಟದ ಕಡ್ಡಿ ಹಿಡಿಯಲಾಗುವುದಿಲ್ಲ. ಮಗುವಿನ ಚಮಚದಲ್ಲಿ ತಿನ್ನುತ್ತಾರೆ, ಅದೂ ನಾವು ಯಾರೂ ನೋಡದಾಗ. ಗುಂಡಿ ಹಾಕಲು ನನ್ನನ್ನು ಕರೆಯುವ ಬದಲು ಅಂಗಿಯನ್ನು ಬಿಚ್ಚದೆ ಮಲಗುತ್ತಾರೆ. ನೋವಿಗೆ ಒಂದು ಶಬ್ದವೂ ಬರಬಾರದೆಂದು ಹಾಸಿಗೆಯ ಅಂಚನ್ನು ಕಚ್ಚಿ, ಬಟ್ಟೆ ಹರಿದಿದೆ. ಅದನ್ನು ನಾನು ಹೊಲಿದೆ. ಇಬ್ಬರೂ ಆ ಮಾತು ಎತ್ತಿಲ್ಲ.

ಆಸ್ಪತ್ರೆಯ ಮಾತ್ರೆ ಹೊಟ್ಟೆ ಉರಿಸುತ್ತದೆ, ನಿಲ್ಲಿಸಿದರು.

ಮೊನ್ನೆ ಅತ್ತೆ ಯಾನ್ ವೈದ್ಯರ ಅಂಗಡಿಗೆ ಒಬ್ಬರೇ ನಡೆದು ಹೋಗಿದ್ದರು. ವೈದ್ಯರು, "ನಿನ್ನ ಮಗಳು ಒಂದು ಸಲ ನನ್ನ ಔಷಧದ ಮೇಲೆ ಬೆರಳು ತೋರಿಸಿದಳು. ಆಮೇಲೆ ನಿಲ್ಲಿಸಿದ್ದೇ ಸರಿ ಅಂತಲೂ ಬರೆದಳು. ಈಗ ಕೊಡಬಹುದು ಅಂತ ಅವಳೇ ಹೆಸರು ಹಾಕಿ ಒಂದು ಸಾಲು ಬರೀಲಿ. ನಾಳೆಯೇ ಕಟ್ಟಿಕೊಡ್ತೀನಿ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಎನ್ನುತ್ತಾರೆ ಅತ್ತೆ. ಚಹಾ ಕೊಟ್ಟರಂತೆ, ಬಟ್ಟಲನ್ನು ಅವರೇ ಬಾಯಿಗೆ ಹಿಡಿದರಂತೆ.

ಇನ್ನು ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಯುನ್ಶು, ಮಗಳೇ. ಪೇಜೆನ್ ಕಾಯಿಸ್ತಾಳೆ, ನಾನು ಒಲೆ ಹತ್ರ ಬರಲ್ಲ. ಬೇಕಿದ್ರೆ ಅಡುಗೆಮನೆ ಬಾಗಿಲಿಗೆ ಬೀಗ ಹಾಕ್ಲಿ. ನೀನು ಹೇಳಿದ್ದು ನಿಜ ಇರಬಹುದು, ನನ್ನ ಕೈ ನನಗೆ ಗೊತ್ತಿಲ್ಲದೆ ನೀರು ಹಾಕಿರಬಹುದು. ನಾನು ನಂಬಲ್ಲ, ಆದ್ರೆ ನೀನು ಹೇಳಿದೀಯ ಅಂತ ಒಪ್ಕೋತೀನಿ. ನಿಮ್ಮಪ್ಪ ಹೋದ ಮೇಲೆ ನಾನು ಯಾರ ಹತ್ರಾನೂ ಏನೂ ಕೇಳಿಲ್ಲ. ನಿನ್ನನ್ನ ಓದಿಸ್ಬೇಕಾದ್ರೂ ಈ ಕೈಯನ್ನೇ ಕೇಳಿದ್ದು. ಈಗ ನಿನ್ನ ಹತ್ರ ಕೇಳ್ತಿದೀನಿ. ಒಂದೇ ಸಾಲು. ನೀನು ಕಾಲೇಜಿಗೇ ಮೊದಲು ಅಂತೆ, ನೀನು ಬರೆದ್ರೆ ಯಾರು ಇಲ್ಲ ಅಂತಾರೆ? ನನಗೆ ಸಾಯೋ ಭಯ ಇಲ್ಲ ಕಣೆ. ಹೀಗೇ ಇರೋ ಭಯ. ನನ್ನ ಕೈ ನನಗೆ ವಾಪಸ್ ಕೊಡು."

ಇಷ್ಟು ಹೇಳಿ, "ಓದು ನೋಡೋಣ" ಎಂದರು. ಓದಿದೆ. "ಕೊನೇ ಮಾತು ತೆಗಿ, ನಾಟಕದ ಥರ ಇದೆ" ಎಂದರು. ನಾನು ತೆಗೆಯಲಿಲ್ಲ.

ಈಗ ಅತ್ತೆ ಎದ್ದು ಹೋಗಿದ್ದಾರೆ, ನನ್ನ ಮಾತು ಬರೆಯುತ್ತೇನೆ. ನಾನು ಕಾಯಿಸುತ್ತೇನೆ, ಒಲೆ ಬಿಟ್ಟು ಏಳುವುದಿಲ್ಲ, ಅದರಲ್ಲಿ ಅನುಮಾನ ಬೇಡ. ಆದರೆ ಕೈ ಬಂದ ದಿನ ಅತ್ತೆ ಸೌಟು ಕೇಳುತ್ತಾರೆ. ಕೊಡುವುದಿಲ್ಲ ಎಂದು ಅವರ ಮುಖ ನೋಡಿ ಹೇಳಲು ನನ್ನಿಂದಾಗುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಈ ಮನೆಗೆ ಬಂದಾಗಿನಿಂದ ಅವರಿಗೆ ಇಲ್ಲ ಎಂದವಳಲ್ಲ ನಾನು. ನಿನಗೆ ಸುಳ್ಳು ಬರೆಯಲಾರೆ.

ಹಾಗೆಂದು ಬರೆಯಬೇಡ ಎಂದೂ ನಾನು ಹೇಳುತ್ತಿಲ್ಲ. ಆ ಹರಿದ ಹಾಸಿಗೆಯನ್ನು ಹೊಲಿದವಳು ನಾನು.

ನಿನ್ನ ಅತ್ತಿಗೆ,
ಪೇಜೆನ್


ಕುನ್‌ಮಿಂಗ್
ಮಾರ್ಚ್ ೧೫, ಭಾನುವಾರ

ಅಮ್ಮನಿಗೆ,

ಅತ್ತಿಗೆ ಇದನ್ನು ನಿನಗೆ ಓದಿ ಹೇಳುತ್ತಾರೆ. ಯಾವ ಪದವನ್ನೂ ಮೆದು ಮಾಡದೆ ಓದಲಿ.

ನಾನು ಕ್ಷೇಮ. ಪರೀಕ್ಷೆಯ ಫಲಿತಾಂಶ ಬಂದಿದೆ, ಈ ಸಲವೂ ಮೊದಲ ಸ್ಥಾನ. ಫುಲಾನ್ ಅಕ್ಕನಿಗೆ ಹೇಳಬಹುದು; ಬೀದಿಗೆಲ್ಲ ಅವಳೇ ಹೇಳುತ್ತಾಳೆ.

ಗೋಧಿಯ ತೌಡಿಗೆ ಉಪ್ಪು, ಸ್ವಲ್ಪ ವಿನಿಗರ್ ಬೆರೆಸಿ ಬಿಸಿ ಮಾಡಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಬೆಳಿಗ್ಗೆ ಮತ್ತು ಸಂಜೆ ಕೈಗಳ ಮೇಲೆ ಇಡಬೇಕು. ಬಿಸಿ ಎಷ್ಟಿದೆಯೆಂದು ಅತ್ತಿಗೆ ಮೊದಲು ತಮ್ಮ ಕೆನ್ನೆಗೆ ಇಟ್ಟು ನೋಡಲಿ. ನೀರಿನ ಕೆಲಸ ಪೂರ್ತಿ ಬಿಡಬೇಕು. ಆಸ್ಪತ್ರೆಯ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗದೆ ಗಂಜಿಯ ನಂತರ ನುಂಗಬೇಕು. ಆಗ ಅಷ್ಟು ಉರಿಯುವುದಿಲ್ಲ. ಇಲ್ಲಿ ಸೂಜಿಚಿಕಿತ್ಸೆಯ ಒಬ್ಬರು ವೃದ್ಧ ವೈದ್ಯರಿದ್ದಾರೆ, ಅವರೊಡನೆ ಮಾತನಾಡಿದ್ದೇನೆ. ಜುಲೈನಲ್ಲಿ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ವಸತಿಗೃಹದಲ್ಲಿ ನನ್ನ ಹಾಸಿಗೆಯಲ್ಲೇ ಮಲಗಬಹುದು. ಕೆಳಗಿನ ಹಾಸಿಗೆ ಅದು, ಹತ್ತುವ ತೊಂದರೆಯಿಲ್ಲ.

ಅಂಗಿಗಳಿಗೆ ಗುಂಡಿಯ ಬದಲು ದೊಡ್ಡ ಕೊಕ್ಕೆಗಳನ್ನು ಹೊಲಿಯಲು ಅತ್ತಿಗೆಗೆ ಹೇಳು. ಈ ಪತ್ರದೊಡನೆ ಒಂದು ಡಜನ್ ಕಳುಹಿಸಿದ್ದೇನೆ.

ನೀನು ಹೇಳಿ ಬರೆಸಿದ ಪತ್ರವನ್ನು ಓದಿದೆ. ಕೊನೆಯ ಮಾತನ್ನೂ ಓದಿದೆ.

ನಿನ್ನ ಮಗಳು,
ಯುನ್ಶು

ತಾ. ಕ.: ಯಾನ್ ವೈದ್ಯರಿಗೆ ಆ ಸಾಲನ್ನು ನಾನು ಬರೆದುಕೊಡುವುದಿಲ್ಲ.